ಮಳೆ ಹಿಂಗಿದ ಮೇಲೆ ಏಳುವ ರಂಗ

(ಹಳ್ಳಿಗರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಮಳೆಗಾಲವೆಂದರೆ ಸೂರಿನಡಿಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯ ನಾಟಿ, ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಕೆಲಸ, ದನಕರುಗಳ ಆರೈಕೆ ಇವುಗಳಲ್ಲೇ ದಿನ ಸರಿದುಹೋಗುತ್ತದೆ. ಆ ಕಾಲದ ಕಲೆಯೂ ಸೂರಿನಡಿಯದೇ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತಿಕೆ ಮತ್ತು ಮಾತಿನ ಬಲದಿಂದಲೇ ನಡೆಯುವ ತಾಳಮದ್ದಳೆ ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆ ಬೆಳೆಯಿತು. ಹೊರಗೆ ಸುರಿಯುವ ಮಳೆಯ ಸದ್ದನ್ನು ಮೀರಿ ಅರ್ಥ ಹೇಳುವುದು ಅದರ ಕಲಾವಿದರಿಗೆ ಒಂದು ಅಭ್ಯಾಸವೇ ಆಗಿತ್ತು.

ಆಶ್ವಯುಜ ಮಾಸ ಕಾಲಿಟ್ಟೊಡನೆ ಈ ಚಿತ್ರ ಬದಲಾಗುತ್ತದೆ. ಭತ್ತ ಹೊಡೆಯೊಡೆದು ಕಾಳಿನಲ್ಲಿ ಹಾಲು ತುಂಬಿಕೊಳ್ಳುತ್ತದೆ. ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಅಡಿಕೆ ಸುಗ್ಗಿಯ ಭರಾಟೆಯೂ ಇನ್ನೂ ಏರಿರುವುದಿಲ್ಲ. ಅಂಗಳದ ಪಾಚಿ ಒಣಗುತ್ತದೆ, ಕಾಲುದಾರಿಗಳು ತೆರೆದುಕೊಳ್ಳುತ್ತವೆ. ದುಡಿಮೆಯ ಎರಡು ಕಾಲಗಳ ನಡುವೆ ದೊರೆಯುವ ಈ ಸಣ್ಣ ಬಿಡುವಿನಲ್ಲಿಯೇ ಇಲ್ಲಿನ ಹಾಡು, ಚಿತ್ತಾರ, ಆಟ, ನಾಟಕಗಳು ಮೈದಳೆದಿವೆ. ಪಂಚಾಂಗ ಇವುಗಳಿಗೆ ತಿಥಿಯನ್ನು ಕೊಟ್ಟಿರಬಹುದು; ಸಮಯವನ್ನು ಕೊಟ್ಟದ್ದು ಮಳೆ ಮತ್ತು ಬೆಳೆ. ಆದಕಾರಣ ಮಲೆನಾಡಿನ ಪರಿಸರದ ಕುರಿತು ಚಿಂತಿಸುವವರು ಈ ಕಲೆಗಳ ಕುರಿತೂ ಚಿಂತಿಸಬೇಕಾಗಿದೆ.

ಭೂಮಿ ಹುಣ್ಣಿಮೆಯ ಬುಟ್ಟಿ

ಮೊದಲ ಉದಾಹರಣೆ ಭೂಮಿ ಹುಣ್ಣಿಮೆಯದು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರು ಈ ಹಬ್ಬವನ್ನು ಆಶ್ವಯುಜ ಹುಣ್ಣಿಮೆಯಂದು ಆಚರಿಸುತ್ತಾರೆ. ಹಾಲು ತುಂಬಿದ ಪೈರನ್ನು ಹೊತ್ತ ಭೂಮಿ ಅವರ ಪಾಲಿಗೆ ಬಸುರಿ ಹೆಣ್ಣು; ಬಸುರಿಯ ಬಯಕೆ ತೀರಿಸುವುದು ಮನೆಯವರ ಕರ್ತವ್ಯ. ಹಬ್ಬಕ್ಕೆ ಕೆಲವು ದಿನ ಮೊದಲೇ ಹೆಂಗಸರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ರಾತ್ರಿಯಿಡೀ ಅಡುಗೆ ನಡೆಯುತ್ತದೆ. ಹಿತ್ತಲಿನ, ಕಾಡಂಚಿನ ಹಲವು ಬಗೆಯ ಸೊಪ್ಪು ಕುಡಿಗಳನ್ನು ಬೇಯಿಸಿದ ಅಡುಗೆಯನ್ನು ಬುಟ್ಟಿಯಲ್ಲಿಟ್ಟು ನಸುಕಿನಲ್ಲಿ ಗದ್ದೆಗೆ ಒಯ್ದು ಪೂಜಿಸಿ, ಚರಗ ಬೀರುತ್ತಾರೆ. ಇಲಿಗೂ ಕಾಗೆಗೂ ಅದರಲ್ಲಿ ಪಾಲು ಸಲ್ಲುತ್ತದೆ.

ಈ ಚಿತ್ತಾರದ ಸಾಮಗ್ರಿಯನ್ನು ಗಮನಿಸಬೇಕು. ಬಿಳಿ ಬಣ್ಣ ಅಕ್ಕಿಯ ಹಿಟ್ಟಿನದು; ಕೆಂಪು ಕೆಮ್ಮಣ್ಣಿನದು; ಕಪ್ಪು, ಹುರಿದು ಕರಿಕಾದ ಅಕ್ಕಿಯದು; ಹಳದಿ ಗುರಿಗೆ ಕಾಯಿಯದು. ಕುಂಚ ಪುಂಡಿಯ ನಾರಿನದು. ಇವುಗಳಲ್ಲಿ ಯಾವುದೂ ಅಂಗಡಿಯಿಂದ ಬಂದದ್ದಲ್ಲ. ಗುರಿಗೆ ಮರ ಕಾಡಿನಿಂದ ಮರೆಯಾದರೆ ಹಳದಿ ಗೆರೆ ಮರೆಯಾಗುತ್ತದೆ. ಗದ್ದೆಯಂಚಿನಲ್ಲಿ ಪುಂಡಿ ಬೆಳೆಯುವುದು ನಿಂತರೆ ಕುಂಚ ನಿಲ್ಲುತ್ತದೆ. ಭತ್ತದ ಗದ್ದೆಯೇ ಅಡಿಕೆ ತೋಟವಾಗಿ ಬದಲಾದ ಊರಿನಲ್ಲಿ ಬುಟ್ಟಿಯನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ ಏಳುತ್ತದೆ. ಒಂದು ಚಿತ್ರಕಲೆಯ ಅಳಿವು ಉಳಿವು ಇಲ್ಲಿ ಒಂದು ಮರ, ಒಂದು ಗಿಡ, ಒಂದು ಗದ್ದೆಯ ಅಳಿವು ಉಳಿವಿನೊಡನೆ ನೇರವಾಗಿ ಹೆಣೆದುಕೊಂಡಿದೆ.

ಇದು ಊಹೆಯ ಮಾತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆ ಮುಳುಗಿದಾಗ ಸಾವಿರಾರು ಕುಟುಂಬಗಳು ಗದ್ದೆ ಮನೆಗಳನ್ನು ಬಿಟ್ಟು ಹೊರನಡೆದವು. ರಾಜ್ಯಕ್ಕೆ ಬೆಳಕು ದೊರೆಯಿತು. ಮುಳುಗಡೆಯಾದವರ ಭೂಮಿಯ ಹಕ್ಕಿನ ಪ್ರಶ್ನೆ ಮಾತ್ರ ದಶಕಗಳ ಕಾಲ ಎಳೆಯುತ್ತಲೇ ಬಂದಿತು. ಕಳೆದುಹೋದ ಎಕರೆಗಳಿಗೆ ಕಡತದಲ್ಲಿ ಲೆಕ್ಕವುಂಟು. ಆ ಗದ್ದೆಗಳ ಜೊತೆಗೇ ಹೋದ ಹಬ್ಬದ ಜಾಗಕ್ಕೆ, ಚಿತ್ತಾರ ತುಂಬಿದ ಮಣ್ಣಿನ ಗೋಡೆಗಳಿಗೆ, ಒಂದೇ ಊರಿನಲ್ಲಿ ಹಾಡುತ್ತಿದ್ದ ಹೆಂಗಸರು ಹತ್ತು ಊರುಗಳಿಗೆ ಚದುರಿಹೋದುದಕ್ಕೆ ಯಾವ ಕಡತದಲ್ಲಿಯೂ ಅಂಕಣವಿಲ್ಲ. ಯೋಜನೆಗಳ ಲಾಭನಷ್ಟ ಲೆಕ್ಕ ಹಾಕುವಾಗ ಈ ನಷ್ಟವನ್ನೂ ಕೇಳಿ ಬರೆಸುವವರು ಬೇಕು.

ಮನೆಮನೆಗೆ ನಡೆಯುವ ಹಾಡು

ಎರಡನೆಯ ಉದಾಹರಣೆ ದೀಪಾವಳಿಯ ಅಂಟಿಕೆ-ಪಂಟಿಕೆ. ಕೆಲವೆಡೆ ಇದನ್ನು ಅಂಟಿಗೆ-ಪಂಟಿಗೆ ಎನ್ನುತ್ತಾರೆ. ಊರಿನ ದೇವಸ್ಥಾನದಲ್ಲಿ ಹೊತ್ತಿಸಿದ ದೀಪವನ್ನು ಹಿಡಿದು ಗಂಡಸರ ತಂಡ ರಾತ್ರಿಯ ಹೊತ್ತು ಮನೆಮನೆಗೆ ನಡೆಯುತ್ತದೆ. ಬಾಗಿಲಲ್ಲಿ ನಿಂತು ಹಾಡುತ್ತದೆ. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಬಂದ ದೀಪಕ್ಕೆ ಎಣ್ಣೆಯೆರೆದು, ಅಕ್ಕಿ ಕಾಣಿಕೆ ಕೊಟ್ಟು ಕಳುಹಿಸುತ್ತಾರೆ. ದೀಪ ದಾರಿಯಲ್ಲಿ ಆರಬಾರದೆಂಬುದು ಕಟ್ಟಳೆ. ಇತ್ತ ಉಡುಪಿ, ಕುಂದಾಪುರದ ಕಡೆ ನವರಾತ್ರಿಯಲ್ಲಿ ಹೂವಿನಕೋಲು ಎಂಬ ಕಲೆಯಿದೆ. ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಮಕ್ಕಳು ಭಾಗವತರೊಡನೆ ಮನೆಮನೆಗೆ ಹೋಗಿ ಯಕ್ಷಗಾನ ಪ್ರಸಂಗದ ಒಂದು ತುಣುಕನ್ನು ಹಾಡಿ, ಅರ್ಥ ಹೇಳಿ ಬರುತ್ತಾರೆ. ಯಕ್ಷಗಾನದ ಮೊದಲ ಪಾಠಶಾಲೆ ಅದೇ ಆಗಿತ್ತು.

ಈ ಎರಡು ಕಲೆಗಳಿಗೂ ವೇದಿಕೆ ಬೇಡ, ಟಿಕೇಟು ಬೇಡ, ಧ್ವನಿವರ್ಧಕ ಬೇಡ. ಅವುಗಳಿಗೆ ಬೇಕಾದದ್ದು ನಡೆಯಬಲ್ಲ ದಾರಿ, ಬಾಗಿಲು ತೆರೆಯುವ ಮನೆ, ಹಾಡು ಬಲ್ಲ ಹತ್ತು ಜನ. ಮಲೆನಾಡಿನಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಹಳ್ಳ, ಗುಡ್ಡ ಇರುತ್ತವೆ. ಇಂಥ ಚದುರಿದ ಊರನ್ನು ವರ್ಷಕ್ಕೊಮ್ಮೆ ಒಂದೇ ದೀಪದಿಂದ ಪೋಣಿಸುವ ಏರ್ಪಾಡು ಇದು. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ದರೆ ಮಳೆಗೆ ಕುಸಿದಿದೆ, ಯಾವ ಸಂಕ ಮುರಿದಿದೆ ಎಂಬುದು ಹಾಡುತ್ತ ನಡೆದವರಿಗೆ ತಿಳಿಯುತ್ತಿತ್ತು. ಪರಿಸರ ಸಮೀಕ್ಷೆ ಎಂಬ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಊರು ತನ್ನನ್ನು ತಾನು ಸುತ್ತಿ ನೋಡಿಕೊಳ್ಳುತ್ತಿತ್ತು.

ಹೆಗ್ಗೋಡಿನ ಪಾಠ

ಹಳೆಯದನ್ನು ಉಳಿಸುವುದರಿಂದಲೇ ಎಲ್ಲವೂ ಆಗುವುದಿಲ್ಲ. ಹಳ್ಳಿಯೊಂದು ಹೊಸದನ್ನೂ ಕಟ್ಟಬಲ್ಲದು ಎಂಬುದಕ್ಕೆ ಸಾಗರ ತಾಲೂಕಿನ ಹೆಗ್ಗೋಡು ಸಾಕ್ಷಿ. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು; ಅದೇ ಇಂದಿನ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರ ಊರಿನವರೇ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಸಿದ್ಧವಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡಿನುದ್ದಕ್ಕೂ ನಾಟಕ ಒಯ್ಯುವ ತಿರುಗಾಟ ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಸ್ಥೆಯ ಕೆಲಸ ನಿಲ್ಲಲಿಲ್ಲ.

ನೀನಾಸಮ್‌ನ ಸಂಸ್ಕೃತಿ ಶಿಬಿರ ನಡೆದು ಬಂದದ್ದು ಅಕ್ಟೋಬರ್ ತಿಂಗಳಲ್ಲಿ, ಮಳೆ ಹಿಂಗುವ ಹೊತ್ತಿಗೆ. ಹಗಲು ಉಪನ್ಯಾಸ ಮತ್ತು ಚರ್ಚೆ, ಸಂಜೆ ನಾಟಕ. ಶಿಬಿರದ ಬಳಿಕ ತಿರುಗಾಟದ ತಂಡ ಊರೂರಿಗೆ ಹೊರಡುತ್ತದೆ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟು ಮೇ ತಿಂಗಳಲ್ಲಿ, ಪತ್ತನಾಜೆಯ ಹೊತ್ತಿಗೆ, ಗೆಜ್ಜೆ ಬಿಚ್ಚುವ ಕ್ರಮವೂ ಇದೇ ಜಾಡಿನದು. ಆಧುನಿಕ ರಂಗಭೂಮಿಯೂ ಮಲೆನಾಡಿನಲ್ಲಿ ಬೇರೂರಿದಾಗ ಮಳೆಯ ಲೆಕ್ಕವನ್ನು ಒಪ್ಪಿಕೊಂಡೇ ಬೇರೂರಿತು. ಶೇಕ್ಸ್‌ಪಿಯರ್‌ನ ನಾಟಕವನ್ನು ನೋಡಿದ ರೈತನೊಬ್ಬ ಮರುದಿನ ಎಂದಿನಂತೆ ತೋಟಕ್ಕೆ ಇಳಿಯಬಹುದು. ಲೋಕಜ್ಞಾನ ಪಡೆಯಲು ಊರು ಬಿಡಲೇಬೇಕಾಗಿಲ್ಲ ಎಂಬುದೇ ಹೆಗ್ಗೋಡಿನ ಪಾಠ. ಓದು ಮುಗಿಸಿ ಪೇಟೆಯ ಕಡೆಗೆ ಮುಖ ಮಾಡಿರುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡುವುದು ಒಳಿತು.

ರಂಗ ಮತ್ತು ಚಳವಳಿ

ಆ ರಂಗಮಂದಿರಕ್ಕೆ ಕಾರಂತರ ಹೆಸರಿರುವುದು ಬಹಳ ಉಚಿತ. ‘ಯಕ್ಷಗಾನ ಬಯಲಾಟ’ ಕೃತಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅದೇ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಿಂತರು; 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದರು. ಅವರ ಪಾಲಿಗೆ ಬಯಲಾಟದ ಬಯಲು ಮತ್ತು ಕರಾವಳಿಯ ನೆಲ ಬೇರೆಬೇರೆಯಾಗಿರಲಿಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಿನ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತಾಗ ಅಪ್ಪಿಕೋ ಚಳವಳಿ ಹುಟ್ಟಿತು. ಅದು ಊರಿಂದೂರಿಗೆ ಹಬ್ಬಿದ್ದು ಕರಪತ್ರಗಳಿಂದ ಮಾತ್ರವಲ್ಲ; ಪಾದಯಾತ್ರೆ, ಬೀದಿನಾಟಕ, ಜಾನಪದ ಕಲೆಗಳೂ ಅದರ ವಾಹನಗಳಾದವು. ಓದು ಬಾರದವರಿಗೂ ತಲುಪಿದ್ದು ಆಟದ ಮಾತು. ಒಟ್ಟಾಗಿ ಹಾಡಿ, ಒಟ್ಟಾಗಿ ಕುಣಿದು ಅಭ್ಯಾಸವಿರುವ ಊರಿಗೆ ಕೊಡಲಿಯ ಎದುರು ಒಟ್ಟಾಗಿ ನಿಲ್ಲುವುದು ಸುಲಭ. ಒಬ್ಬರ ಮುಖ ಒಬ್ಬರು ನೋಡದ ಊರಿನಲ್ಲಿ ಮನವಿಪತ್ರಕ್ಕೆ ಹತ್ತು ಸಹಿ ಬೀಳುವುದೂ ಕಷ್ಟ.

ಎದುರಿಗಿರುವ ತೊಡಕುಗಳು

ಇಂದು ಈ ಕಲೆಗಳು ಮೂರು ತೊಡಕುಗಳನ್ನು ಎದುರಿಸುತ್ತಿವೆ. ಮೊದಲನೆಯದು ಮಳೆಯದೇ. ಅದು ಹಿಂಗಬೇಕಾದ ಹೊತ್ತಿಗೆ ಹಿಂಗುವುದೆಂಬ ಭರವಸೆ ಸಡಿಲಾಗಿದೆ. 2021ರ ನವೆಂಬರ್‌ನಲ್ಲಿ ರಾಜ್ಯದ ಹಲವೆಡೆ ಅಕಾಲದಲ್ಲಿ ಸುರಿದ ಮಳೆ ಕೊಯ್ಲಿಗೆ ಬಂದ ಬೆಳೆಯನ್ನೇ ಹಾಳುಗೆಡವಿತು. ಬೆಳೆ ನೀರಿನಲ್ಲಿ ನಿಂತಿರುವಾಗ ಬಯಲಿನಲ್ಲಿ ರಂಗ ಕಟ್ಟುವ ಮನಸ್ಸು ಯಾರಿಗೂ ಬಾರದು. ಎರಡನೆಯದು ಜನರದು. ದುಡಿಯುವ ಪ್ರಾಯದವರು ಬೆಂಗಳೂರಿಗೆ ಹೋಗಿರುವ ಊರುಗಳಲ್ಲಿ ದೀಪ ಹಿಡಿಯಲು ಮುದುಕರು ಮಾತ್ರ ಉಳಿದಿದ್ದಾರೆ. ಹಾಡು ಬಲ್ಲವರ ತಲೆಮಾರು ಮುಗಿಯುತ್ತ ಬಂದಿದೆ.

ಮೂರನೆಯ ತೊಡಕು ಉತ್ಸವಗಳೇ ತಂದುಕೊಂಡದ್ದು. ಪ್ಲಾಸ್ಟಿಕ್ ತೋರಣ, ಫ್ಲೆಕ್ಸ್ ಫಲಕ, ಒಮ್ಮೆ ಬಳಸಿ ಎಸೆಯುವ ಲೋಟ, ಗುಡ್ಡದಾಚೆಗೂ ಕೇಳುವ ಧ್ವನಿವರ್ಧಕ ಇವು ಹಳ್ಳಿಯ ಕಾರ್ಯಕ್ರಮಗಳಿಗೂ ಬಂದಿವೆ. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸಿವೆ. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಹಲವೆಡೆ ಕಾಲಮಿತಿಯ ಆಟವಾಗಿರುವುದಕ್ಕೆ ಈ ನಿಯಮವೂ ಒಂದು ಕಾರಣ. ನಿಯಮ ಕಲೆಗೆ ಅಡ್ಡಿಯಾಯಿತೆಂಬ ದೂರು ಸಹಜವೇ. ಆದರೆ ಧ್ವನಿವರ್ಧಕ ಬರುವ ಮೊದಲು ಇದೇ ಯಕ್ಷಗಾನ ಚಂಡೆ ಮದ್ದಳೆಗಳ ಬಲದಿಂದಲೇ ರಾತ್ರಿ ಕಳೆಯುತ್ತಿತ್ತು ಎಂಬುದನ್ನೂ ನೆನೆಯಬೇಕು. ಕಾಡಿನ ಪರವಾಗಿ ಮಾತನಾಡುವ ನಾಟಕ ಕಾಡಿನ ನಿದ್ದೆ ಕೆಡಿಸಿ ನಡೆದರೆ ಅದರ ಮಾತಿಗೆ ತೂಕವಿರುವುದಿಲ್ಲ.

ಮಾಡಬಹುದಾದ ಕೆಲಸ

ಇವುಗಳಿಗೆ ಸರ್ಕಾರದ ಅನುದಾನ ಕಾಯದೆ ಊರೇ ಮಾಡಬಹುದಾದ ಕೆಲಸಗಳಿವೆ. ಒಂದು, ದಸರೆಯ ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿಗಳು ಹಾಡು ಬಲ್ಲ ಹಿರಿಯರ ಬಳಿ ಕುಳಿತು ಅಂಟಿಕೆ-ಪಂಟಿಕೆಯ ಹಾಡುಗಳನ್ನು ಬರೆದುಕೊಳ್ಳಲಿ. ಫೋನಿನಲ್ಲಿ ಧ್ವನಿ ಹಿಡಿದಿಟ್ಟರೆ ಸಾಲದು. ಒಂದಾದರೂ ಹಾಡನ್ನು ಕಲಿತು ಆ ವರ್ಷವೇ ತಂಡದೊಡನೆ ನಡೆಯಲಿ. ಎರಡು, ಶಾಲೆಯ ಅಂಗಳದಲ್ಲಿ, ಊರಿನ ಬೆಟ್ಟದಲ್ಲಿ ಗುರಿಗೆಯ ಸಸಿಗಳನ್ನು ನೆಡಲಿ. ಗದ್ದೆಯಂಚಿನಲ್ಲಿ ಪುಂಡಿ ಬಿತ್ತಲಿ. ಚಿತ್ತಾರ ಬಲ್ಲ ಹೆಂಗಸರನ್ನು ಶಾಲೆಗೆ ಗುರುಗಳಾಗಿ ಕರೆಯಲಿ, ಅವರಿಗೆ ಗೌರವಧನವನ್ನೂ ಕೊಡಲಿ. ಮೂರು, ಹಾಳೆ, ಮಾವಿನ ತೋರಣ, ಬಾಳೆಯೆಲೆಗಳಿಂದಲೇ ರಂಗ ಸಿಂಗರಿಸಲಿ. ಆಟವನ್ನು ಸಂಜೆಯೇ ಆರಂಭಿಸಲಿ. ನಾಲ್ಕು, ಊರಿನದೇ ವಿಷಯದ ಮೇಲೆ ಅರ್ಧ ಗಂಟೆಯ ನಾಟಕವೊಂದನ್ನು ಪ್ರತಿ ವರ್ಷ ಕಟ್ಟಲಿ. ಬತ್ತಿದ ಕೆರೆ, ಕುಸಿದ ದರೆ, ಅಡಿಕೆಯ ಎಲೆಚುಕ್ಕಿ ರೋಗ, ತೋಟಕ್ಕೆ ಬರುವ ಮಂಗ, ಹಕ್ಕುಪತ್ರಕ್ಕಾಗಿ ಅಲೆದ ಮುಳುಗಡೆಯ ಕುಟುಂಬ: ಇವುಗಳಲ್ಲಿ ನಾಟಕವಿಲ್ಲವೆನ್ನುವವರು ಯಾರು?

ನಾಟಕ ಕಟ್ಟುವಾಗ ಒಂದು ಎಚ್ಚರಿಕೆ ಅಗತ್ಯ. ಪಾತ್ರಗಳೆಲ್ಲ ಘೋಷಣೆ ಕೂಗಿ ಇಳಿಯುವ ನಾಟಕ ಯಾರನ್ನೂ ಬದಲಿಸುವುದಿಲ್ಲ. ಮರ ಕಡಿಯುವವನಿಗೂ ಮನೆಯಿದೆ, ಸಾಲವಿದೆ. ಅವನ ಮಾತನ್ನೂ ರಂಗದ ಮೇಲೆ ನ್ಯಾಯವಾಗಿ ಆಡಿಸಬೇಕು. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವನಿಗೂ ಸಮನಾದ ಅವಕಾಶ ದೊರೆಯುತ್ತದೆ. ಅದರಿಂದಲೇ ಕೃಷ್ಣನ ಮಾತಿಗೆ ಬೆಲೆ ಬರುತ್ತದೆ. ವಾದದಲ್ಲಿ ಎದುರಾಳಿಯನ್ನು ಕೇಳಿಸಿಕೊಳ್ಳುವ ಈ ಶಿಸ್ತು ಮಲೆನಾಡಿಗೆ ಅದರ ಕಲೆಯೇ ಕಲಿಸಿದ್ದು. ಪರಿಸರದ ಚಳವಳಿಗೂ ಅದು ಬೇಕು.

ಈ ವರ್ಷದ ಭೂಮಿ ಹುಣ್ಣಿಮೆಗೆ ಎಷ್ಟು ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬಿತ್ತು, ದೀಪಾವಳಿಗೆ ಎಷ್ಟು ಬಾಗಿಲುಗಳಲ್ಲಿ ಹಾಡು ಕೇಳಿತು ಎಂಬುದನ್ನು ಪ್ರತಿ ಊರಿನ ವಿದ್ಯಾರ್ಥಿಗಳು ಎಣಿಸಿ ಬರೆದಿಡಲಿ. ಮುಂದಿನ ವರ್ಷ ಮತ್ತೊಮ್ಮೆ ಎಣಿಸಲಿ. ಆ ಲೆಕ್ಕ ಇಳಿಯದಂತೆ ನೋಡಿಕೊಳ್ಳುವುದು ಊರಿನ ಹೊಣೆ. ಕಾಡು, ಗದ್ದೆ, ನೀರು ಉಳಿದಿವೆಯೇ ಎಂಬ ಪ್ರಶ್ನೆಗೂ ಬಹುಮಟ್ಟಿಗೆ ಅದೇ ಲೆಕ್ಕದಲ್ಲಿ ಉತ್ತರ ದೊರೆಯುತ್ತದೆ.