ಹುಲ್ಲು ಅರಗಿಸುವವರು ಯಾರು?

ಕಾರವಾರದಿಂದ ಅಂಕೋಲೆಯ ಕಡೆ ಹೊರಟರೆ ದಾರಿಯಲ್ಲಿ ಚೆಂಡಿಯಾ ಸಿಗುತ್ತದೆ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಬೆಟ್ಟ. ಈ ಸೀಮೆಯ ಕೊಟ್ಟಿಗೆಗಳ ಹಳೆಯ ಒಕ್ಕಲು ಮಲೆನಾಡು ಗಿಡ್ಡ. ಹೆಸರೇ ಹೇಳುವಂತೆ ಕುಳ್ಳ ದನ. ಬೆಳೆದ ಹಸುವೂ ಸಾಮಾನ್ಯವಾಗಿ ಒಂದು ಮೀಟರ್ ಎತ್ತರ ಮುಟ್ಟುವುದಿಲ್ಲ. ಬೆಟ್ಟ ಹತ್ತುತ್ತದೆ, ಜಡಿಮಳೆ ತಡೆಯುತ್ತದೆ, ಗದ್ದೆಯ ಅಂಚಿನ ಹುಲ್ಲಿನಲ್ಲೇ ದಿನ ಕಳೆಯುತ್ತದೆ.

ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿ ಮಾಂಸಕ್ಕೆಂದೇ ದೊಡ್ಡ ದನಗಳನ್ನು ಸಾಕುತ್ತಾರೆ. ಇಲ್ಲಿ ಸಾಕುವುದು ಹಾಲಿಗೆ, ಗೊಬ್ಬರಕ್ಕೆ. ಟಿಲ್ಲರ್ ಬರುವ ಮೊದಲು ಉಳುಮೆಗೂ. ದನ ಯಾವುದೇ ಇರಲಿ, ಸಾಕುವವರು ಮೊದಲು ಕಾಯಬೇಕಾದದ್ದು ಅದರ ಹೊಟ್ಟೆಯನ್ನು.

ಏಕೆಂದರೆ ಹುಲ್ಲನ್ನು ಅರಗಿಸುವುದು ಹಸುವಲ್ಲ! ಹುಲ್ಲಿನಲ್ಲಿ ಸೆಲ್ಯುಲೋಸ್ ಎಂಬ ಗಟ್ಟಿ ನಾರಿದೆ. ಅದನ್ನು ಒಡೆಯುವ ರಸ ನಮ್ಮ ದೇಹದಲ್ಲಿ ಹುಟ್ಟುವುದಿಲ್ಲ, ಹಸುವಿನ ದೇಹದಲ್ಲೂ ಇಲ್ಲ. ಆ ಕೆಲಸ ಮಾಡುವವರು ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ಅವುಗಳಲ್ಲಿ ಅತಿ ದೊಡ್ಡದಾದ ರೂಮೆನ್‌ನ ಒಂದೇ ಮಿಲಿಲೀಟರ್ ರಸದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ರುಬ್ಬಿಟ್ಟ ಇಡ್ಲಿ ಹಿಟ್ಟು ರಾತ್ರಿ ಹುಳಿಬಂದು ಉಬ್ಬುವಂತೆ ಅಲ್ಲಿ ಹುಲ್ಲು ಹುಳಿಯುತ್ತದೆ. ಆಗ ಹುಟ್ಟುವ ಆಮ್ಲಗಳೇ ಹಸುವಿಗೆ ಶಕ್ತಿ. ಜೊತೆಗೆ ಹುಟ್ಟುವ ಮೀಥೇನ್ ಅನಿಲ ತೇಗಿನಲ್ಲಿ ಹೊರಗೆ ಹೋಗುತ್ತದೆ. ಬಾಲದ ಕಡೆಯಿಂದ ಎಂದುಕೊಂಡಿದ್ದಿರಾ? ಬಹುಪಾಲು ಬಾಯಿಂದಲೇ.

ಮಧ್ಯಾಹ್ನ ನೆರಳಿನಲ್ಲಿ ಮಲಗಿದ ಹಸುವಿನ ಕುತ್ತಿಗೆಯನ್ನೇ ನೋಡುತ್ತಿರಿ. ಒಂದು ಉಂಡೆ ಗಂಟಲಿನಲ್ಲಿ ಮೇಲೇರಿ ಬಾಯಿಗೆ ಬರುತ್ತದೆ. ದವಡೆ ಪಕ್ಕಕ್ಕೆ ತಿರುಗುತ್ತಾ ಅದನ್ನು ಅಗಿಯುತ್ತದೆ, ನುಂಗುತ್ತದೆ. ತುಸು ಹೊತ್ತಿನಲ್ಲಿ ಮತ್ತೊಂದು ಉಂಡೆ. ಇದೇ ಮೆಲುಕು. ಹುಲ್ಲು ನುಣ್ಣಗಾದಷ್ಟೂ ಬ್ಯಾಕ್ಟೀರಿಯಾಗಳಿಗೆ ಕೆಲಸ ಸುಲಭ. ಜೊತೆಗೆ ಸುರಿಯುವ ಜೊಲ್ಲು ಹೊಟ್ಟೆಯ ಹುಳಿ ಮಿತಿಮೀರದಂತೆ ತಡೆಯುತ್ತದೆ. ಕೊನೆಗೆ ಆ ಬ್ಯಾಕ್ಟೀರಿಯಾಗಳೂ ಮುಂದಿನ ಕೋಣೆಗೆ ಹರಿದುಹೋಗಿ ತಾವೇ ಜೀರ್ಣವಾಗುತ್ತವೆ. ಹಸುವಿಗೆ ಬೇಕಾದ ಪ್ರೋಟೀನಿನ ದೊಡ್ಡ ಪಾಲು ಸಿಗುವುದು ಹೀಗೆ. ಪಾಪ, ದುಡಿದವರೇ ಊಟವಾಗುತ್ತಾರೆ!

ಈಗ ದೀಪಾವಳಿಗೆ ಬನ್ನಿ. ಗೋಪೂಜೆಯ ದಿನ ಪ್ರೀತಿಯಿಂದ ಹಸುವಿಗೆ ಬುಟ್ಟಿಗಟ್ಟಲೆ ಅನ್ನ, ಪಾಯಸ ತಿನ್ನಿಸುವವರಿದ್ದಾರೆ. ಹಸುವೂ ಬೇಡ ಎನ್ನುವುದಿಲ್ಲ. ಆದರೆ ಅನ್ನದ ಪಿಷ್ಟ ಸಿಕ್ಕಿದ ಕೂಡಲೇ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಸರ್ರನೆ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ನಾರು ಒಡೆಯುವ ಬ್ಯಾಕ್ಟೀರಿಯಾಗಳು ಆ ಹುಳಿಯಲ್ಲಿ ಸಾಯುತ್ತವೆ. ಹಸು ಮೆಲುಕು ನಿಲ್ಲಿಸಿ ಮಲಗಿಬಿಡುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಎಲೆಯ ತುದಿಯಲ್ಲಿ ಒಂದು ತುತ್ತು ಇಡಿ ಸಾಕು. ಉಳಿದ ಪಾಯಸ ನಿಮಗೆ.

ಹೊಟ್ಟೆ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಮನೆಯ ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಾಧು ಹಸುವಿನ ಎಡಗಡೆ ನಿಲ್ಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ತಗ್ಗಿದೆ. ಅಂಗೈ ಊರಿ ತಾಳ್ಮೆಯಿಂದ ಕಾಯಿರಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಏನೋ ಉರುಳಿ ಬಂದು ಕೈಯನ್ನು ಮೆಲ್ಲಗೆ ಎತ್ತುತ್ತದೆ. ಅದು ರೂಮೆನ್‌ನ ಅಲುಗಾಟ. ಪಶುವೈದ್ಯರೂ ಇದನ್ನು ಎಣಿಸುತ್ತಾರೆ. ತಗ್ಗು ಮಾಯವಾಗಿ ಆ ಜಾಗ ಉಬ್ಬಿ ಬಿಗಿದಿದ್ದರೆ ಅನಿಲ ಹೊರಬರಲು ದಾರಿ ಸಿಕ್ಕಿಲ್ಲ ಎಂದರ್ಥ. ಆಗ ಕಾಯಬಾರದು, ವೈದ್ಯರನ್ನು ಕರೆಯಬೇಕು.

ಉಳಿದ ಆರೈಕೆಯೂ ಇದೆ ಅನ್ನಿ. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸಬೇಕು. ಕಾಡಿನಿಂದ ಬಂದ ದನದ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಕಚ್ಚಿದೆಯೇ ನೋಡಬೇಕು. ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ, ಹಾಗಾಗಿ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು ಸಗಣಿ-ಗಂಜಲದ ಜೊತೆ ಗೊಬ್ಬರ ಗುಂಡಿ ಸೇರುತ್ತದೆ. ಅಲ್ಲಿ ಕೊಳೆಸುವವರೂ ಸೂಕ್ಷ್ಮಜೀವಿಗಳೇ.

ಜೂನ್‌ನಲ್ಲಿ ಮಳೆ ಹಿಡಿದು ಎಳೆ ಹುಲ್ಲು ಚಿಗುರಿದಾಗ ದನಗಳು ಆಸೆಯಿಂದ ಮುಗಿಬೀಳುತ್ತವೆ, ಸಗಣಿ ನೀರಾಗುತ್ತದೆ. ಬೇಸಿಗೆಯಿಡೀ ಒಣ ಹುಲ್ಲಿಗೆ ಒಗ್ಗಿದ್ದ ಬ್ಯಾಕ್ಟೀರಿಯಾಗಳಿಗೆ ಹಸಿರಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಅದಕ್ಕೇ ಅನುಭವಸ್ಥರು ಬೆಳಿಗ್ಗೆ ಒಂದು ಕಟ್ಟು ಒಣಹುಲ್ಲು ತಿನ್ನಿಸಿದ ಮೇಲೆಯೇ ಹಗ್ಗ ಬಿಚ್ಚುತ್ತಾರೆ.