ಆಲೂಗೆಡ್ಡೆಯೂ ಬಂಡವಾಳವೂ

ಬೂವನಹಳ್ಳಿಯ ಕಡೆಯ ಸ್ನೇಹಿತರೊಬ್ಬರು ಶೀತಲಗೃಹವೊಂದರಲ್ಲಿ ಪಾಲು ಕೊಳ್ಳಹೊರಟಿದ್ದರು. ಹಾಸನದ ಪೇಟೆಯಲ್ಲಿ ಆಲೂಗೆಡ್ಡೆಯ ಬೆಲೆ ಏರಿದೆ, ಲಾಭ ಖಂಡಿತ ಎಂಬುದು ಅವರ ಲೆಕ್ಕ.

"ಅಲ್ಲಿ ಬಾಡಿಗೆ ತರುವ ಮೂಟೆ ಯಾವುದು, ಸ್ವಾಮಿ?" ಎಂದು ಕೇಳಿದೆ.

ನಮ್ಮ ಮುಂಗಾರಿನ ಫಸಲು ಬಹುಪಾಲು ಅಗೆದೊಡನೆ ಮಾರಾಟಕ್ಕೆ ಹೋಗುತ್ತದೆ. ಶೀತಲಗೃಹವನ್ನು ತುಂಬುವುದು ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆಗೆಡ್ಡೆ. ಮೇ ತಿಂಗಳಲ್ಲಿ ಬಿತ್ತನೆಯಾಗುವವರೆಗೂ ಅದು ಮೊಳೆಯದಂತೆ, ಕೊಳೆಯದಂತೆ ತಂಪಿನಲ್ಲಿರಬೇಕಷ್ಟೆ. ಅಂಗಮಾರಿ ರೋಗಕ್ಕೆ ಬೇಸತ್ತು ರೈತರು ಮುಸುಕಿನ ಜೋಳಕ್ಕೆ ತಿರುಗಿದರೆ - ಈ ಜಿಲ್ಲೆಯಲ್ಲಿ ಹಾಗೆ ತಿರುಗಿದವರು ಬಹಳ ಮಂದಿ - ಆ ಮೂಟೆಗಳೇ ಬಾರವು. ಹೀಗಾಗಿ ಪೇಟೆಯ ಬೆಲೆಗಿಂತ, ಎಷ್ಟು ಎಕರೆ ಬಿತ್ತುತ್ತಾರೆಂಬುದೇ ಈ ವ್ಯಾಪಾರದ ಜೀವಾಳ. ಯಂತ್ರದ ಹೊಳಪಿಗೆ ಮರುಳಾಗುವವರೂ ಉಂಟು, ಬಿಡಿ.

ಸ್ನೇಹಿತರು ಈಗ ಹೊಲಗಳ ಕಡೆ ಸುತ್ತಾಡುತ್ತಿದ್ದಾರೆ; ಹಣವಿನ್ನೂ ಪೆಟ್ಟಿಗೆಯಲ್ಲಿದೆ.