ಮಸಿಯಿಂದ ಆಗದ್ದು ಮತದಿಂದ

ಗಡಿನಾಡಿನ ಕಟ್ಟಾಳುಗಳೇ, ಅಕ್ಕತಂಗಿಯರೇ,

ಗಡಿ ಎಂದೊಡನೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ! ಆದರೆ ಒಂದು ಪ್ರಶ್ನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬಂದು ಕುಳಿತಿರುವ ನಿಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ವಾರ್ಡಿನ ಸದಸ್ಯನ ಹೆಸರು ಗೊತ್ತು? ಕೈ ಎತ್ತಿ ನೋಡೋಣ. ಇಷ್ಟೇನಾ?

ಅದಕ್ಕೇ ಇಂದು ನಮ್ಮ ಜಿಲ್ಲೆಯಲ್ಲಿ ಎರಡು ಸಲ ಬರಖಾಸ್ತಾದ ಒಂದು ಸಭೆಯ ಕತೆ ಹೇಳುತ್ತೇನೆ. ಬೆಳಗಾವಿ ಮಹಾನಗರ ಪಾಲಿಕೆಯ ಕತೆ.

1956ರ ನವೆಂಬರ್ 1ರಂದು ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಕಾಶೆ ನಮ್ಮದಾಯಿತು, ನಗರಾಡಳಿತದ ಕುರ್ಚಿ ಆಗಲಿಲ್ಲ. ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಓಣಿ ಓಣಿಯಲ್ಲಿ ಬೇರು ಬಿಟ್ಟಿದ್ದರು. ಸಿದ್ದನಗೌಡ ಪಾಟೀಲರು ಅಲ್ಲಿ ಮೊದಲ ಕನ್ನಡ ಮೇಯರ್ ಆಗಲು ದಶಕಗಳೇ ಬೇಕಾದವು. 2005ರಲ್ಲಂತೂ ಪಾಲಿಕೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಎಂದು ಠರಾವನ್ನೇ ಮಾಡಿತು. ಕರ್ನಾಟಕದ ಅನುದಾನ ಉಂಡು! ಬೆಂಗಳೂರಿನಲ್ಲಿ ಮೇಯರ್ ಮುಖಕ್ಕೆ ಮಸಿ ಬಿತ್ತು. ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. ಅಂದು ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ.

ಆಮೇಲೆ? 2011 ಬರುವಷ್ಟರಲ್ಲಿ ಮೇಯರ್ ಕುರ್ಚಿ ಮತ್ತೆ ಅದೇ ನಿಲುವಿನವರ ಕೈಯಲ್ಲಿತ್ತು. ನಾಡಿಗೆ ನಾಡೇ ರಾಜ್ಯೋತ್ಸವ ಆಚರಿಸುವಾಗ ಮೇಯರ್, ಉಪಮೇಯರ್ ಕರಾಳ ದಿನದ ಮೆರವಣಿಗೆಯಲ್ಲಿದ್ದರು. ಡಿಸೆಂಬರಿನಲ್ಲಿ ಮತ್ತೆ ವಿಸರ್ಜನೆ. ವಿಸರ್ಜಿಸಿದ 6 ತಿಂಗಳೊಳಗೆ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ನಡೆದದ್ದು 2013ರಲ್ಲಿ! ಅಲ್ಲಿಯವರೆಗೆ ನಳದ ನೀರು ಬರಲಿಲ್ಲ ಎಂದು ದೂರಲು ಕನ್ನಡಿಗನಿಗೂ ಸದಸ್ಯನಿಲ್ಲ, ಮರಾಠಿಗನಿಗೂ ಇಲ್ಲ. ಆಮೇಲೆ ಬಹುಮತ ಯಾರಿಗೆ ಬಂತು? ಮತ್ತೆ ಅವರಿಗೇ.

ಬದಲಾದದ್ದು 2021ರ ಸೆಪ್ಟೆಂಬರಿನಲ್ಲಿ. ಪಕ್ಷಗಳು ತಮ್ಮ ಚಿಹ್ನೆ ಹಿಡಿದು ಕಣಕ್ಕಿಳಿದವು. 58 ವಾರ್ಡುಗಳಲ್ಲಿ 35 ಬಿಜೆಪಿ ಪಾಲಾದವು, ಸಮಿತಿ ಮೂಲೆಗೆ ಸರಿಯಿತು. ಯಾವ ಪಕ್ಷ ಎಂಬುದು ಇಲ್ಲಿ ನನ್ನ ಮಾತಲ್ಲ. ಮರಾಠಿ ಮನೆಮಾತಿನವರೇ ಸಮಿತಿಯ ಕೈಬಿಟ್ಟರು, ಅದನ್ನು ಗಮನಿಸಿ. ಎರಡು ಸರ್ಕಾರಿ ಆದೇಶಗಳಿಂದ ಆಗದ ಕೆಲಸ ಒಂದು ಮತಪೆಟ್ಟಿಗೆಯಿಂದ ಆಯಿತು.

ಈಗ ನಿಪ್ಪಾಣಿಯವರು ಕಿವಿಗೊಡಿ. "ಮಹಾಜನ ವರದಿಯೇ ಅಂತಿಮ" ಎಂದು ಕೂಗುತ್ತೇವಲ್ಲ, ಆ ವರದಿಯನ್ನು ಓದಿದವರೆಷ್ಟು ಮಂದಿ? 1967ರ ಆ ವರದಿ ಬೆಳಗಾವಿಯನ್ನು ನಮಗೆ ಉಳಿಸಿತು, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತು! ಜಾರಿಯಾಗಲಿಲ್ಲ, ನಿಪ್ಪಾಣಿ ನಮ್ಮಲ್ಲೇ ಉಳಿದು ಇಂದು ತಾಲೂಕು ಕೇಂದ್ರವಾಗಿದೆ. ಆದರೆ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದೆ. ನಾವು ಎಚ್ಚರ ತಪ್ಪುವಂತಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು ಕನ್ನಡವನ್ನೂ ಆಡುತ್ತಾರೆ, ಮರಾಠಿಯನ್ನೂ ಆಡುತ್ತಾರೆ. ಅವರನ್ನು ಬೆದರಿಸಿದರೆ ಕನ್ನಡಕ್ಕೆ ಒಂದು ಅಕ್ಷರವೂ ದಕ್ಕುವುದಿಲ್ಲ. ನಗರಸಭೆಯ ಬಾಗಿಲಲ್ಲಿ ನಿಂತು ಅವರ ನೀರಿನ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವ ಹುಡುಗ ಬೇಕು. ನಿಮ್ಮಲ್ಲಿ ಯಾರು ಹೋಗುತ್ತೀರಿ?

ಸೋಮವಾರ ನಿಮ್ಮ ನಿಮ್ಮ ಊರಿನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗೆ ನಡೆಯಿರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕಳೆದ ಒಂದು ವರ್ಷದ ಠರಾವುಗಳ ನಕಲು ಕೇಳಿ. ಅರ್ಜಿ ಕನ್ನಡದಲ್ಲೇ ಇರಲಿ, ಸ್ವೀಕೃತಿ ಪಡೆಯದೆ ಬರಬೇಡಿ. 30 ದಿನದೊಳಗೆ ಉತ್ತರ ಬರಬೇಕು. ಆ ನಕಲುಗಳನ್ನು ಹಿಡಿದು ಮುಂದಿನ ಸಭೆಗೆ ಬನ್ನಿ, ಎಲ್ಲರೂ ಕೂಡಿ ಓದೋಣ.